ನಲವತ್ತೈದು ದಾಟಿದ ಮೇಲೆ ಬಾರ್‌ಬೆಲ್: ಯಾವ ಪ್ರೋಗ್ರಾಂ ನಿಮಗೆ ಸರಿ?

ಬೆಂಗಳೂರಿನಲ್ಲಿ ನಡುವಯಸ್ಸಿನ ತುಂಬಾ ಜನ ಈಗ ಡಾಕ್ಟರ್ ಬಾಯಲ್ಲಿ ಒಂದು ಮಾತು ಕೇಳಿಸಿಕೊಂಡು ಬರುತ್ತಿದ್ದಾರೆ: "ವಾಕಿಂಗ್ ಒಳ್ಳೇದೇ, ಆದರೆ ಅಷ್ಟೇ ಸಾಲದು. ಸ್ವಲ್ಪ ತೂಕ ಎತ್ತಿ." ಶುಗರ್ ರಿಪೋರ್ಟ್ ಹಿಡಿದು ಹೋದವರಿಗೂ ಈ ಸಲಹೆ ಸಿಗುತ್ತದೆ, ಮೂಳೆ ಸ್ಕ್ಯಾನ್ ಮಾಡಿಸಿದವರಿಗೂ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲೇ ಜಿಮ್ ಇರುತ್ತದೆ. ಮೂಲೆಯಲ್ಲಿ ಉದ್ದನೆಯ ರಾಡ್, ಅಂದರೆ ಬಾರ್‌ಬೆಲ್, ಪಕ್ಕದಲ್ಲಿ ಅದಕ್ಕೆ ಹಾಕುವ ಪ್ಲೇಟುಗಳು. ಮುಂದೇನು ಅಂತ ಮೊಬೈಲ್ ತೆಗೆದರೆ 5×5, 5-3-1, ಪುಶ್-ಪುಲ್-ಲೆಗ್ಸ್ ಎಂದು ಹತ್ತಾರು ಪ್ರೋಗ್ರಾಂಗಳ, ಅಂದರೆ ತೂಕ ಎತ್ತುವ ಕ್ರಮಗಳ, ಹೆಸರು ಬರುತ್ತವೆ. ಹೇಳಿಕೊಡುವವರಲ್ಲಿ ಹೆಚ್ಚಿನವರು ಇಪ್ಪತ್ತೈದರ ಹುಡುಗರು. ಬಿಪಿ ಮಾತ್ರೆ ತೆಗೆದುಕೊಳ್ಳುವ, ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗಿಬರುವ 50ರ ಮನುಷ್ಯನಿಗೆ ಇದರಲ್ಲಿ ಯಾವುದು ಹೊಂದುತ್ತದೆ?

ಹೆಸರುಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಆಯ್ಕೆ ಅಷ್ಟು ಕಷ್ಟವಲ್ಲ. ಅದು ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಒಂದು ಸಲ ಭಾರ ಎತ್ತಿದ ಮೇಲೆ ನಿಮ್ಮ ದೇಹ ಸುಧಾರಿಸಿಕೊಳ್ಳಲು ಎಷ್ಟು ದಿನ ಬೇಕು?

ದಿನಾ ವಾಕಿಂಗ್ ಮಾಡ್ತೀನಲ್ಲ, ಸಾಲದಾ?

ಮೂವತ್ತು ದಾಟಿದ ಮೇಲೆ ನಮ್ಮ ಮಾಂಸಖಂಡ ನಿಧಾನವಾಗಿ ಕರಗಲು ಶುರುವಾಗುತ್ತದೆ. ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು. ಶಕ್ತಿ ಇದಕ್ಕಿಂತ ಬೇಗ ಇಳಿಯುತ್ತದೆ. ವಯಸ್ಸಿನ ಜೊತೆ ಬರುವ ಈ ನಷ್ಟಕ್ಕೆ 1989ರಲ್ಲಿ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು.

ಮೊದಲು ಹೋಗುವುದು ಜೋರಾಗಿ, ಚುರುಕಾಗಿ ಕೆಲಸ ಮಾಡುವ ಸ್ನಾಯು ಎಳೆಗಳು. ನೆಲದಿಂದ ಎದ್ದೇಳಲು, ಮೆಟ್ಟಿಲಲ್ಲಿ ಕಾಲು ಜಾರಿದಾಗ ತಕ್ಷಣ ಸಾವರಿಸಿಕೊಳ್ಳಲು ಬೇಕಾದದ್ದು ಅವೇ. ಲಾಲ್‌ಬಾಗ್ ಸುತ್ತ ಒಂದು ಗಂಟೆ ನಡೆದರೆ ಹೃದಯಕ್ಕೆ, ಮನಸ್ಸಿಗೆ ಒಳ್ಳೆಯದು. ಆದರೆ ನಡಿಗೆಗೆ ಆ ಎಳೆಗಳು ಅಷ್ಟಾಗಿ ಬೇಕಾಗುವುದಿಲ್ಲ. ಭಾರವೋ ಜೋರಿನ ಕೆಲಸವೋ ಬಿದ್ದಾಗ ಅವು ಎದ್ದೇಳುತ್ತವೆ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ನಡಿಗೆಯಂಥ ವ್ಯಾಯಾಮದ ಜೊತೆಗೆ, ದೇಹದ ಎಲ್ಲ ಮುಖ್ಯ ಸ್ನಾಯುಗಳಿಗೂ ವಾರಕ್ಕೆ ಕನಿಷ್ಠ 2 ದಿನ ಶಕ್ತಿಯ ಕಸರತ್ತು ಬೇಕು ಎನ್ನುತ್ತದೆ.

ಇನ್ನೆರಡು ಕಾರಣಗಳಿವೆ. ಒಂದು ಸಕ್ಕರೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಅದು ಕಡಿಮೆಯಾದರೆ ಸಕ್ಕರೆಗೆ ಹೋಗಲು ಜಾಗ ಕಡಿಮೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಡಯಾಬಿಟಿಸ್ ಇದೆ. ಇನ್ನೊಂದು ಮೂಳೆ, ಅದರಲ್ಲೂ ಹೆಂಗಸರದ್ದು. ಮುಟ್ಟು ನಿಂತ ಮೇಲಿನ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಮುಟ್ಟು ನಿಂತಿರುವ, ಮೂಳೆ ಸವೆದಿರುವ 101 ಹೆಂಗಸರು ಅದರಲ್ಲಿದ್ದರು. ಸರಾಸರಿ ವಯಸ್ಸು 65. ಅವರಲ್ಲಿ ಒಂದು ಗುಂಪು 8 ತಿಂಗಳು, ವಾರಕ್ಕೆ 2 ದಿನ, ದಿನಕ್ಕೆ ಅರ್ಧ ಗಂಟೆ, ತರಬೇತುದಾರರ ಕಣ್ಣೆದುರಲ್ಲೇ ಬಾರ್‌ಬೆಲ್ ಎತ್ತಿತು. ಮೊದಲ ತಿಂಗಳು ಹಗುರ ತೂಕದಲ್ಲಿ ಕಲಿಕೆ, ಆಮೇಲೆ ನಿಜವಾದ ಭಾರ. ಕೊನೆಗೆ ಅವರ ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಸುಮಾರು ಶೇ. 3ರಷ್ಟು ಏರಿತ್ತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನದು ಇಳಿದಿತ್ತು. "ಈ ವಯಸ್ಸಲ್ಲಿ ಅಮ್ಮನಿಗೆ ಯಾಕಪ್ಪಾ ಇದೆಲ್ಲ" ಎನ್ನುವ ಮನೆಗಳಲ್ಲಿ ಈ ವಿಷಯ ಗೊತ್ತಿರಬೇಕು ಅನ್ನಿಸುತ್ತದೆ.

ಬಾರ್‌ಬೆಲ್ಲೇ ಯಾಕೆ?

ಬಾರ್‌ಬೆಲ್ ಅಂದರೆ ಎರಡೂ ಕೈಯಲ್ಲಿ ಹಿಡಿಯುವ ಉದ್ದನೆಯ ಕಬ್ಬಿಣದ ರಾಡ್, ಎರಡೂ ತುದಿಗೆ ಪ್ಲೇಟು. ಒಲಿಂಪಿಕ್ಸ್‌ನಂಥ ವೇಟ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಗಂಡಸರ ರಾಡ್ 20 ಕೆಜಿ, ಹೆಂಗಸರದ್ದು 15 ಕೆಜಿ. ಅಪಾರ್ಟ್‌ಮೆಂಟ್ ಜಿಮ್‌ಗಳಲ್ಲಿ ಇದಕ್ಕಿಂತ ಹಗುರದ ರಾಡೂ ಇರಬಹುದು. ಬಳಸುವ ಮೊದಲು ಒಮ್ಮೆ ತೂಗಿ ನೋಡಿ. ರಾಡ್ ತೂಕ ಗೊತ್ತಿಲ್ಲದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ.

ಇದರ ದೊಡ್ಡ ಅನುಕೂಲ ಸಣ್ಣ ಸಣ್ಣದಾಗಿ ತೂಕ ಏರಿಸಲು ಆಗುವುದು. ಒಂದೊಂದು ಕೈಯಲ್ಲಿ ಒಂದೊಂದು ಹಿಡಿಯುವ ಜೋಡಿ ಡಂಬೆಲ್‌ನಲ್ಲಿ 10 ಕೆಜಿಯಿಂದ 12.5 ಕೆಜಿಗೆ ಹೋದರೆ ಒಂದೇ ಏಟಿಗೆ ಶೇ. 25 ಜಾಸ್ತಿ. 40 ಕೆಜಿಯ ಬಾರ್‌ಬೆಲ್‌ಗೆ ಎರಡೂ ಕಡೆ 1.25 ಕೆಜಿ ಹಾಕಿದರೆ ಏರಿದ್ದು ಶೇ. 6 ಚಿಲ್ಲರೆ. ನಮ್ಮ ಊರುಗಳಲ್ಲಿ ಗುಂಡುಕಲ್ಲು ಎತ್ತುವ ಸ್ಪರ್ಧೆ ನೋಡಿದ್ದೀರಿ ಅಲ್ವಾ? ಅಲ್ಲಿ ಕಲ್ಲಿನ ತೂಕ ಬದಲಾಗುವುದಿಲ್ಲ, ಎತ್ತಿದರೆ ಎತ್ತಿದ ಹಾಗೆ, ಇಲ್ಲವೆಂದರೆ ಇಲ್ಲ. ಬಾರ್‌ಬೆಲ್‌ನಲ್ಲಿ ತೂಕವೇ ನಿಮ್ಮ ಮಟ್ಟಕ್ಕೆ ಇಳಿದು ಬರುತ್ತದೆ.

ಮುಖ್ಯವಾದ ಎತ್ತುಗಳು ನಾಲ್ಕು. ಸ್ಕ್ವಾಟ್ ಅಂದರೆ ರಾಡನ್ನು ಭುಜದ ಹಿಂದೆ ಹೊತ್ತು ಬಸ್ಕಿ ಹೊಡೆಯುವುದು. ಡೆಡ್‌ಲಿಫ್ಟ್ ಅಂದರೆ ನೆಲದ ಮೇಲಿನ ರಾಡನ್ನು ಎತ್ತಿ ನೆಟ್ಟಗೆ ನಿಲ್ಲುವುದು. ಬೆಂಚ್ ಪ್ರೆಸ್‌ನಲ್ಲಿ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುತ್ತೇವೆ, ಓವರ್‌ಹೆಡ್ ಪ್ರೆಸ್‌ನಲ್ಲಿ ನಿಂತು ಭುಜದಿಂದ ತಲೆಯ ಮೇಲಕ್ಕೆ. ಇಡೀ ದೇಹದ ದೊಡ್ಡ ಸ್ನಾಯುಗಳು ಬಹುಪಾಲು ಈ ನಾಲ್ಕರಲ್ಲೇ ಬಂದುಬಿಡುತ್ತವೆ.

ಪ್ರೋಗ್ರಾಂ ಅಂದರೆ ಏನು?

ಒಂದು ಸಲ ಕೂತು ಎದ್ದರೆ ಒಂದು ರೆಪ್. ನಿಲ್ಲಿಸದೆ ಮಾಡಿದ ರೆಪ್‌ಗಳ ಗುಂಪು ಒಂದು ಸೆಟ್. 3×5 ಎಂದು ಬರೆದಿದ್ದರೆ 5 ರೆಪ್‌ಗಳ 3 ಸೆಟ್, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ಯಾವ ದಿನ ಯಾವ ಎತ್ತು, ಎಷ್ಟು ಸೆಟ್, ಎಷ್ಟು ರೆಪ್ ಎಂಬುದೆಲ್ಲ ಪ್ರೋಗ್ರಾಂನಲ್ಲಿ ಇರುತ್ತದೆ. ಆದರೆ ಅದರ ಜೀವ ಇರುವುದು ಬೇರೆ ಕಡೆ: ಮುಂದಿನ ಸಲ ತೂಕ ಏರಿಸುವುದು ಯಾವಾಗ, ಎಷ್ಟು ಎಂಬಲ್ಲಿ. ಇದು ಬರೆದಿಲ್ಲವೆಂದರೆ ನಿಮ್ಮ ಕೈಯಲ್ಲಿರುವುದು ಬರೀ ಕಸರತ್ತಿನ ಪಟ್ಟಿ.

ಹಂತಹಂತವಾಗಿ ತೂಕ ಏರಿಸುವ ಪದ್ಧತಿಯನ್ನು ಆಸ್ಪತ್ರೆಯ ಚಿಕಿತ್ಸೆಯಾಗಿ ಬೆಳೆಸಿದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕಾಲಿಗೆ ಪೆಟ್ಟು ಬಿದ್ದ ಸೈನಿಕರಿಗೆ ಅವರು ಹೀಗೆ ತೂಕ ಎತ್ತಿಸಿದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಅಂದರೆ ಇದು ಬಲಿಷ್ಠರಿಗಷ್ಟೇ ಇರುವ ವಿದ್ಯೆ ಅಲ್ಲ, ಪೆಟ್ಟು ತಿಂದವರನ್ನು ಮತ್ತೆ ನಡೆಸಲೂ ಬಳಕೆಯಾದದ್ದು.

ಹಾಗಾದರೆ ವಯಸ್ಸಿಗೂ ಪ್ರೋಗ್ರಾಂಗೂ ಏನು ಸಂಬಂಧ? ಮೊಸರಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಹೆಪ್ಪು ಬೇಕೇ ಬೇಕು, ಆದರೆ ಮೊಸರಾಗುವುದು ಆಮೇಲೆ, ಪಾತ್ರೆಯನ್ನು ಅಲ್ಲಾಡಿಸದೆ ಬಿಟ್ಟ ಹೊತ್ತಿನಲ್ಲಿ. ಜಿಮ್‌ನಲ್ಲಿ ಎತ್ತುವುದು ಹೆಪ್ಪು. ಶಕ್ತಿ ಬರುವುದು ಆಮೇಲಿನ ನಿದ್ದೆ, ಊಟ, ವಿಶ್ರಾಂತಿಯಲ್ಲಿ. ಏಪ್ರಿಲ್‌ನಲ್ಲಿ ನಾಲ್ಕೈದು ಗಂಟೆಗೆ ಹೆಪ್ಪಾಗುವ ಹಾಲು ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ರಾತ್ರಿಯಿಡೀ ಕಾಯಿಸುತ್ತದೆ. ಬೇಗ ಆಗಲಿ ಅಂತ ಇನ್ನೆರಡು ಚಮಚ ಹೆಪ್ಪು ಹಾಕಿದರೆ ಹುಳಿಯಾಗುತ್ತದೆ, ಅಷ್ಟೇ. ಇಪ್ಪತ್ತೈದರ ದೇಹ ಎರಡು ದಿನದಲ್ಲಿ ಸುಧಾರಿಸಿಕೊಂಡರೆ ಐವತ್ತರದ್ದು ಮೂರು ನಾಲ್ಕು ದಿನ ಕೇಳಬಹುದು. ಮೊಸರು ಎರಡೂ ಕಡೆ ಆಗುತ್ತದೆ, ಹೊತ್ತು ಮಾತ್ರ ಬೇರೆ.

ಏರಿಸುವ ವೇಗದ ಲೆಕ್ಕದಲ್ಲಿ ಮೂರು ಬಗೆ

ಎಷ್ಟೇ ಹೆಸರುಗಳಿದ್ದರೂ ಹೆಚ್ಚಿನ ಪ್ರೋಗ್ರಾಂಗಳನ್ನು ಮೂರು ಗುಂಪಿನಲ್ಲಿ ಇಡಬಹುದು.

ಮೊದಲನೆಯದು ಪ್ರತಿ ಸಲವೂ ಏರಿಸುವುದು. 5×5 ಎಂದು ಕರೆಯುವುದು ಈ ಬಗೆ. ವಾರಕ್ಕೆ 3 ದಿನ, ಪ್ರತಿ ಸಲ ಸ್ಕ್ವಾಟ್‌ಗೆ 2.5 ಕೆಜಿ ಜಾಸ್ತಿ. ಲೆಕ್ಕ ಹಾಕಿ: ವಾರಕ್ಕೆ 7.5 ಕೆಜಿ, ಮೂರು ತಿಂಗಳಿಗೆ 90 ಕೆಜಿ. ಇದು ಯಾರಿಗೂ ತುಂಬಾ ದಿನ ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಹೊಸಬರ ದೇಹ ಬೇಗ ಕಲಿಯುತ್ತದೆ, ಆ ಅವಧಿಯನ್ನು ಬಳಸಿಕೊಳ್ಳಲು ಮಾಡಿದ ಪ್ರೋಗ್ರಾಂ ಇದು. 50ರಲ್ಲಿ ಶುರುಮಾಡಿದರೂ ನೀವು ಹೊಸಬರೇ. ಹಾಗಾಗಿ ಇಲ್ಲಿಂದಲೇ ಶುರುಮಾಡುವುದು ಸರಿ, ಎರಡು ಮೂರು ಬದಲಾವಣೆಯೊಂದಿಗೆ. 5 ಸೆಟ್ ಬದಲು 3 ಸೆಟ್. ವಾರಕ್ಕೆ 3 ದಿನದ ಬದಲು 2 ದಿನ, ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿ. ಡೆಡ್‌ಲಿಫ್ಟ್ ಭಾರದ ಸೆಟ್ ದಿನಕ್ಕೆ ಒಂದೇ ಸಾಕು, ಬೆನ್ನಿಗೆ ಅದು ಕೊಡುವ ದಣಿವು ದೊಡ್ಡದು. ಖಾಲಿ ರಾಡ್‌ನ 20 ಕೆಜಿಯಿಂದ ಹೊರಟು ಸಲಕ್ಕೆ 2.5 ಕೆಜಿ ಏರಿಸಿದರೂ 8 ವಾರಕ್ಕೆ 60 ಕೆಜಿ. ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಈ ಏರಿಕೆ ಸರಿ. ಪ್ರೆಸ್‌ಗಳಿಗೆ 1 ಕೆಜಿಯೇ ಸಾಕು, ಅದಕ್ಕಾಗಿ ಅರ್ಧ ಕೆಜಿಯ ಜೋಡಿ ಪ್ಲೇಟು ನೀವೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಜಿಮ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಎರಡನೆಯದು ವಾರಕ್ಕೊಮ್ಮೆ ಏರಿಸುವುದು. ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ಮಧ್ಯಮ. ಸೋಮವಾರ 60 ಕೆಜಿಯಲ್ಲಿ 3×5, ಬುಧವಾರ 47.5 ಕೆಜಿ, ಶುಕ್ರವಾರ 55 ಕೆಜಿ, ಮತ್ತೆ ಸೋಮವಾರ 61 ಅಥವಾ 62.5. ಹಗುರ ದಿನ ಸುಮ್ನೆ ದಂಡ ಅನ್ನಿಸಬಹುದು. ಆದರೆ ಅವತ್ತು ದೇಹ ಸುಧಾರಿಸಿಕೊಳ್ಳುತ್ತಲೇ ಎತ್ತುವ ರೀತಿಯನ್ನು ಮರೆಯದೆ ಇಟ್ಟುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ನಡುವಯಸ್ಸಿನವರು ಅತಿ ಹೆಚ್ಚು ಕಾಲ ಕಳೆಯಬೇಕಾದದ್ದು ಈ ಗುಂಪಿನಲ್ಲಿ. ದುಃಖದ ವಿಷಯವೆಂದರೆ ಮೊಬೈಲ್‌ನಲ್ಲಿ ಅತಿ ಕಡಿಮೆ ಕಾಣಿಸುವುದೂ ಇದೇ.

ಮೂರನೆಯದು ತಿಂಗಳಿಗೊಮ್ಮೆ ಏರಿಸುವುದು. 5-3-1 ಎಂಬುದು ಇದರಲ್ಲಿ ಹೆಸರಾದದ್ದು. ಇದಕ್ಕೆ ನೀವು ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕ ಗೊತ್ತಿರಬೇಕು. ಅದನ್ನು ಎತ್ತಿಯೇ ನೋಡಬೇಕಿಲ್ಲ, ಲೆಕ್ಕದಲ್ಲಿ ಅಂದಾಜು ಮಾಡಬಹುದು. ತೂಕವನ್ನು ರೆಪ್‌ಗಳಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ತೂಕಕ್ಕೆ ಕೂಡಿಸಿ. 75 ಕೆಜಿಯನ್ನು 10 ಸಲ ಎತ್ತಿದವರಿಗೆ 25 ಬರುತ್ತದೆ, ಕೂಡಿಸಿದರೆ 100. ಪ್ರೋಗ್ರಾಂನ ಲೆಕ್ಕಕ್ಕೆ ಹಿಡಿಯುವುದು ಇದರ ಶೇ. 90, ಅಂದರೆ 90 ಕೆಜಿ. ಮೊದಲ ವಾರ 5 ರೆಪ್, ಅದರ ಭಾರದ ಸೆಟ್ 90ರ ಶೇ. 85. ಎರಡನೇ ವಾರ 3 ರೆಪ್, ಅದೇ 90ರ ಶೇ. 90. ಮೂರನೇ ವಾರ 1 ರೆಪ್, 90ರ ಶೇ. 95. ನಾಲ್ಕನೇ ವಾರ ಪೂರ್ತಿ ಹಗುರ. ಆಮೇಲೆ ಲೆಕ್ಕದ ತೂಕಕ್ಕೆ ಪ್ರೆಸ್‌ನಲ್ಲಿ 2.5 ಕೆಜಿ, ಕಾಲಿನ ಎತ್ತುಗಳಲ್ಲಿ 5 ಕೆಜಿ ಸೇರಿಸಿ ಮತ್ತೆ ಮೊದಲಿನಿಂದ. ಗಮನಿಸಿ, 100 ಎತ್ತಬಲ್ಲವರ ಅತಿ ಭಾರದ ದಿನದ ತೂಕವೂ ಇಲ್ಲಿ 85 ಕೆಜಿ ಆಸುಪಾಸು. ಈ ಉಳಿಕೆಯೇ ಗಂಟು ಕೀಲುಗಳನ್ನು ಕಾಪಾಡುವುದು. ಅನುಭವ ಇರುವ ಐವತ್ತರವರಿಗೆ ಇದು ಹೊಂದುವುದು ಅದಕ್ಕೇ.

ನೀವು ಯಾವುದರಲ್ಲಿ ಇರಬೇಕು?

ಸುಧಾರಿಸಿಕೊಳ್ಳಲು ಆಗುವ ವೇಗಗಳಲ್ಲಿ ಅತಿ ಬೇಗದ್ದನ್ನು ಹಿಡಿಯಿರಿ. ಮೊದಲ ಬಗೆಯಲ್ಲಿ ಶುರುಮಾಡಿ. ಒಂದೇ ತೂಕದಲ್ಲಿ ಮೂರು ಸಲ ರೆಪ್ ಪೂರ್ತಿಯಾಗದಿದ್ದರೆ ಶೇ. 10 ಇಳಿಸಿ ಮತ್ತೆ ಏರಿಸುತ್ತಾ ಬನ್ನಿ. ಅದೇ ಜಾಗದಲ್ಲಿ ಮತ್ತೆ ಸಿಕ್ಕಿಕೊಂಡರೆ ಎರಡನೆಯ ಬಗೆಗೆ ಹೋಗುವ ಹೊತ್ತು ಬಂದಿದೆ. ಅಲ್ಲೂ ಹೀಗಾದರೆ ಮೂರನೆಯದು. ಮೂರನೆಯದು ದೊಡ್ಡವರ ಪ್ರೋಗ್ರಾಂ ಎಂದು ಮೊದಲೇ ಅದಕ್ಕೆ ಹಾರಬೇಡಿ. ವಾರಕ್ಕೊಮ್ಮೆ ಏರಿಸಬಹುದಾಗಿದ್ದ ತೂಕಕ್ಕೆ ತಿಂಗಳು ಕಾಯುವುದು ನಷ್ಟ.

ಇಲ್ಲಿ ಹುಟ್ಟಿದ ವರ್ಷವೊಂದನ್ನೇ ನೋಡಿದರೆ ಸಾಲದು. ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ 42ರ ವ್ಯಕ್ತಿಗಿಂತ, ಒಂಬತ್ತಕ್ಕೆ ಊಟ ಮುಗಿಸಿ ಹತ್ತಕ್ಕೆ ಮಲಗುವ 58ರ ನಿವೃತ್ತ ಮೇಷ್ಟ್ರು ಬೇಗ ಸುಧಾರಿಸಿಕೊಳ್ಳಬಹುದು. ಔಟರ್ ರಿಂಗ್ ರೋಡಿನಲ್ಲಿ ದಿನಾ ಎರಡು ಮೂರು ಗಂಟೆ ಕೂರುವವರ ಸೊಂಟ ಮೊದಲೇ ಬಿಗಿದಿರುತ್ತದೆ. ಅಂಥವರು ವಾರಕ್ಕೆ 2 ದಿನದ ಪ್ರೋಗ್ರಾಂ ಹಿಡಿದು ಅದನ್ನು ತಪ್ಪಿಸದೆ ಮಾಡಿದರೆ, 4 ದಿನದ ಪ್ರೋಗ್ರಾಂ ಹಿಡಿದು ಅರ್ಧಕ್ಕೆ ಬಿಡುವುದಕ್ಕಿಂತ ಎಷ್ಟೋ ಲಾಭ.

ಪ್ರತಿ ಸೆಟ್ ಎಷ್ಟು ಕಷ್ಟ ಇರಬೇಕು?

ಸೆಟ್ ಮುಗಿದಾಗ ಇನ್ನೂ ಎರಡು ರೆಪ್ ಆಗುತ್ತಿತ್ತು ಎನ್ನುವಂತಿರಬೇಕು. ಹುಡುಗರು ಕೊನೆಯ ರೆಪ್ ಬಾರದವರೆಗೆ ಎತ್ತಿ ಮರುದಿನ ಮತ್ತೆ ಬರಬಲ್ಲರು. ನಡುವಯಸ್ಸಿನಲ್ಲಿ ಹಾಗೆ ಎತ್ತಿದ ಒಂದು ಸೆಟ್ಟಿನ ದಣಿವು ಆ ವಾರದ ಉಳಿದ ದಿನಗಳನ್ನು ತಿಂದುಹಾಕಬಹುದು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಗಟ್ಟಿ ನಾರುಗಳೂ ಇವೆ. ಇವು ಸ್ನಾಯುವಿಗಿಂತ ನಿಧಾನವಾಗಿ ಬಲಗೊಳ್ಳುತ್ತವೆ. ತೊಡೆ ರೆಡಿ ಇದ್ದರೂ ಮಂಡಿ ಇನ್ನೂ ರೆಡಿ ಇರುವುದಿಲ್ಲ.

ಮಂಡಿ ನೋವಿದ್ದವರು ಬೆಂಚಿನ ಮೇಲೆ ಕೂತು ಏಳುವ ಸ್ಕ್ವಾಟ್‌ನಿಂದ ಶುರುಮಾಡಬಹುದು. ಭುಜ ಹಿಂದಕ್ಕೆ ತಿರುಗದಿದ್ದರೆ ಎದೆಯ ಮುಂದೆ ಒಂದು ಡಂಬೆಲ್ ಹಿಡಿದು ಮಾಡಿ. ಡೆಡ್‌ಲಿಫ್ಟ್‌ನಲ್ಲಿ ನೆಲದವರೆಗೆ ಬಗ್ಗಲು ಬೆನ್ನು ಗುಂಡಗಾಗುತ್ತದೆ ಎಂದಾದರೆ ರಾಡನ್ನು ಗಟ್ಟಿಯಾದ ಆಸರೆಯ ಮೇಲಿಟ್ಟು ಎತ್ತಿ. ನೋವು ತಿಂದುಕೊಂಡು ಪುಸ್ತಕದಲ್ಲಿದ್ದಂತೆಯೇ ಎತ್ತುವ ಅಗತ್ಯ ಯಾರಿಗೂ ಇಲ್ಲ. ಒಬ್ಬರೇ ಇದ್ದಾಗ ಬೆಂಚ್ ಪ್ರೆಸ್ ಮಾಡುವುದಾದರೆ ರ‍್ಯಾಕಿನ ಎರಡೂ ಕಡೆಯ ಸೇಫ್ಟಿ ರಾಡುಗಳನ್ನು (ಬಾರ್‌ಬೆಲ್ ಕೈತಪ್ಪಿದರೆ ತಡೆಯುವ ಸಲಾಕೆಗಳನ್ನು) ಎದೆಯ ಮಟ್ಟಕ್ಕೆ ಹಾಕಿರಲೇಬೇಕು.

ಹೃದಯದ ಭಯ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ಇಡೀ ಕರ್ನಾಟಕ ಅತ್ತಿತು. ಮುಂದಿನ ದಿನಗಳಲ್ಲಿ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಜಿಮ್ ಅಂದರೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಆ ನೆನಪಿನ ಭಯ ಬರುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಉತ್ತರ ಹೇಳಬೇಕು.

ಭಾರ ಎತ್ತುವಾಗ ಉಸಿರು ಕಟ್ಟಿ ಮುಕ್ಕರಿದರೆ ಬಿಪಿ ಕೆಲವು ಕ್ಷಣ ತುಂಬಾ ಏರುತ್ತದೆ. 1985ರ ಒಂದು ಅಧ್ಯಯನದಲ್ಲಿ ಬಾಡಿಬಿಲ್ಡರ್‌ಗಳು ಎರಡೂ ಕಾಲಿನಿಂದ ತುಂಬಾ ಭಾರ ತಳ್ಳುತ್ತಿದ್ದಾಗ ಸರಾಸರಿ 320/250 ದಾಖಲಾಗಿತ್ತು. ಇಳಿಸಿದ ತಕ್ಷಣ ಅದು ಇಳಿಯುತ್ತದೆ. ಆದರೆ ಹತೋಟಿಗೆ ಬಾರದ ಬಿಪಿ ಇರುವವರಿಗೆ ಆ ಕ್ಷಣಗಳೇ ಅಪಾಯ. ಅದಕ್ಕೇ ಎರಡು ರೆಪ್ ಉಳಿಸುವ ನಿಯಮ. ಮೇಲೇಳುವಾಗ ಉಸಿರು ಬಿಡುತ್ತಾ ಬರುವುದೂ ಅದಕ್ಕೇ.

ಇನ್ನೊಂದು ಕಡೆ, ದೀರ್ಘಕಾಲದ ಲೆಕ್ಕ ಭಾರ ಎತ್ತುವವರ ಪರವಾಗಿಯೇ ಇದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರ ಕೊನೆಯಲ್ಲಿ ಹೊರತಂದ ವೈಜ್ಞಾನಿಕ ಹೇಳಿಕೆಯ ಪ್ರಕಾರ, ಶಕ್ತಿಯ ವ್ಯಾಯಾಮ ಮಾಡುವವರಲ್ಲಿ ಸಾವಿನ ಅಪಾಯ ಮಾಡದವರಿಗಿಂತ ಸುಮಾರು ಶೇ. 15 ಕಡಿಮೆ ಕಂಡುಬಂದಿದೆ. ಅದಕ್ಕೆ ವಾರಕ್ಕೆ 30ರಿಂದ 60 ನಿಮಿಷ ಸಾಕು.

ಶುರುವಿಗೆ ಮೊದಲು ಡಾಕ್ಟರನ್ನು ನೋಡಲೇಬೇಕಾದವರು ಇದ್ದಾರೆ: ಬಿಪಿ ಹತೋಟಿಯಲ್ಲಿಲ್ಲದವರು, ಎದೆನೋವು ಬಂದಿದ್ದವರು, ಸ್ಟೆಂಟ್ ಹಾಕಿಸಿಕೊಂಡವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆದವರಿದ್ದರೆ ಅವರು, ಹರ್ನಿಯಾ ಇರುವವರು. ಶುಗರ್‌ನಿಂದ ಕಣ್ಣಿನ ಹಿಂಪದರಕ್ಕೆ ತೊಂದರೆಯಾದವರು ಮುಕ್ಕರಿದು ಎತ್ತುವುದು ಕಣ್ಣಿಗೆ ಅಪಾಯ, ಅವರು ಕಣ್ಣಿನ ಡಾಕ್ಟರನ್ನೂ ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಶುಗರ್ ದಿಢೀರ್ ಇಳಿಯಬಹುದು. ಎತ್ತುವಾಗ ಎದೆ ಬಿಗಿದರೆ, ಎಡಗೈಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ ಗ್ಯಾಸ್ ಇರಬೇಕು ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಊಟದ ಕಡೆ

ಐಸಿಎಂಆರ್ ಸಲಹೆಯಂತೆ ಸಾಮಾನ್ಯ ವಯಸ್ಕರಿಗೆ ಬೇಕಾದ ಪ್ರೋಟೀನ್ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಇದ್ದರೆ ಒಳ್ಳೆಯದು. 65 ಕೆಜಿಯವರಿಗೆ ಅದು 78ರಿಂದ 104 ಗ್ರಾಂ. ಅನ್ನ, ತಿಳಿಸಾರು, ಮಜ್ಜಿಗೆಯ ಊಟದಲ್ಲಿ ಇದು ಬರುವುದಿಲ್ಲ. ಒಂದು ಮೊಟ್ಟೆಗೆ ಸುಮಾರು 6 ಗ್ರಾಂ, 100 ಗ್ರಾಂ ಒಣ ಹುರುಳಿಕಾಳು ಅಥವಾ ತೊಗರಿಬೇಳೆಗೆ 22 ಆಸುಪಾಸು, 100 ಗ್ರಾಂ ಪನೀರ್‌ಗೆ 18, 50 ಗ್ರಾಂ ಸೋಯಾ ಚಂಕ್ಸ್‌ಗೆ 25. ಮುದ್ದೆಯ ಜೊತೆಗಿನ ಸಾರಿನಲ್ಲಿ ಕಾಳು ಗಟ್ಟಿಯಾಗಿರಲಿ, ಬೆಳಗಿನ ಉಪ್ಪಿಟ್ಟಿನ ಜೊತೆ ಮೊಟ್ಟೆಯೋ ಪನೀರೋ ಸೇರಲಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬಾರದು.

ಟ್ರೈನರನ್ನು ಏನು ಕೇಳಬೇಕು?

ಮೊದಲ ಎರಡು ತಿಂಗಳು ಹೇಳಿಕೊಡುವವರೊಬ್ಬರು ಇರುವುದು ದುಡ್ಡು ಕೊಟ್ಟರೂ ಯೋಗ್ಯ. ಸೇರುವ ಮೊದಲು ಕೇಳಿ: ನನ್ನ ಸ್ಕ್ವಾಟ್ ತೂಕ ಯಾವಾಗ ಏರಿಸ್ತೀರಿ? ಏರಿಸಲು ಆಗದಿದ್ದರೆ ಏನು ಮಾಡ್ತೀರಿ? ನನ್ನ ಬಿಪಿ, ಮಾತ್ರೆಗಳ ವಿವರ ಬರೆದುಕೊಳ್ತೀರಾ? ಇವಕ್ಕೆ ನೇರ ಉತ್ತರ ಸಿಕ್ಕರೆ ಅವರ ಹತ್ತಿರ ಕಲಿಯಬಹುದು. ದಿನಕ್ಕೊಂದು ಹೊಸ ಕಸರತ್ತು ಮಾಡಿಸಿ ಬೆವರು ಇಳಿಸುವವರಿದ್ದಾರೆ. ಅಲ್ಲಿ ದಣಿವು ಸಿಗುತ್ತದೆ, ಆದರೆ ಶಕ್ತಿ ಏರಿತೋ ಇಲ್ಲವೋ ತಿಳಿಯಲು ದಾರಿಯೇ ಇರುವುದಿಲ್ಲ. ಟ್ರೈನರ್ ಇರಲಿ ಬಿಡಲಿ, ಸಣ್ಣದೊಂದು ನೋಟ್‌ಬುಕ್ ಇಟ್ಟು ದಿನಾಂಕ, ತೂಕ, ರೆಪ್, ಹಿಂದಿನ ರಾತ್ರಿಯ ನಿದ್ದೆ ಬರೆಯಿರಿ. ಬಗೆ ಬದಲಿಸುವ ಹೊತ್ತು ಬಂತೇ ಎಂದು ಹೇಳುವುದು ಆ ಪುಟಗಳೇ.

ನಡುವೆ ಬಿಟ್ಟುಹೋದರೆ?

ಬಿಟ್ಟುಹೋಗುತ್ತದೆ. ಮದುವೆ ಸೀಸನ್ ಬರುತ್ತದೆ, ಆಫೀಸಿನ ಗಡುವು ಬರುತ್ತದೆ, ಮಳೆಗಾಲದಲ್ಲಿ ಡೆಂಗ್ಯೂ ಬರುತ್ತದೆ. ಒಂದು ವಾರ ತಪ್ಪಿದರೆ ಹಿಂದಿನ ತೂಕದಿಂದಲೇ ಮುಂದುವರಿಸಬಹುದು. ಎರಡು ಮೂರು ವಾರ ತಪ್ಪಿದರೆ ಶೇ. 10ರಿಂದ 20 ಇಳಿಸಿ. ಒಂದೆರಡು ತಿಂಗಳಾದರೆ ಅರ್ಧ ತೂಕದಿಂದ, ಮೊದಲ ಬಗೆಯ ಪ್ರೋಗ್ರಾಂನಿಂದ ಮತ್ತೆ ಶುರು. ಮೊದಲ ಸಲ ತಿಂಗಳುಗಟ್ಟಲೆ ಹಿಡಿದದ್ದು ಈ ಸಲ ವಾರಗಳಲ್ಲಿ ವಾಪಸ್ ಬರುತ್ತದೆ. ಜ್ವರದಿಂದ ಎದ್ದವರು ಮಾತ್ರ ಅವಸರ ಮಾಡಬಾರದು. ಡೆಂಗ್ಯೂ ಆಗಿದ್ದರೆ ಪ್ಲೇಟ್‌ಲೆಟ್ ಸರಿಹೋಗಿದೆ ಎಂದು ಡಾಕ್ಟರ್ ಹೇಳಬೇಕು, ಮಾಮೂಲಿ ಊಟ ನಿದ್ದೆ ಮರಳಬೇಕು. ಆಮೇಲೆ ಒಂದು ವಾರ ನಡಿಗೆ ಮಾತ್ರ, ಮುಂದಿನ ವಾರ ಖಾಲಿ ರಾಡ್.